ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ತಂಡಗಳ ಗುಂಪುಗಳನ್ನು ಎರಡು ವರ್ಷಕ್ಕೊಮ್ಮೆ ಯಾಕೆ ಬದಲಿಸುತ್ತಾರೆ?

ಮುಖ್ಯ ಕಾರಣ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಬದಲಾಗುತ್ತಾ ಇರುವುದು. ಟೆಕ್ಸಾಸ್‌ನ ಸರ್ಕಾರಿ ಹೈಸ್ಕೂಲ್‌ಗಳ ಕ್ರೀಡೆ ನೋಡಿಕೊಳ್ಳುವುದು ಯುಐಎಲ್ ಎಂಬ ಸಂಸ್ಥೆ. ಅದು ಶಾಲೆಗಳನ್ನು 1ಎಯಿಂದ 6ಎವರೆಗೆ ಆರು ದರ್ಜೆಗಳಾಗಿ ವಿಂಗಡಿಸುತ್ತದೆ. 2024ರ ಹಂಚಿಕೆಯಲ್ಲಿ 6ಎಗೆ ಕನಿಷ್ಠ 2,275 ಮಕ್ಕಳು ಬೇಕಿತ್ತು. 1ಎ ಶಾಲೆಗಳಲ್ಲಿ 105 ಮಕ್ಕಳೂ ಇರಲಿಲ್ಲ. ಅಷ್ಟು ಚಿಕ್ಕ ಶಾಲೆ 11 ಜನರ ಅಮೆರಿಕನ್ ಫುಟ್ಬಾಲ್ ತಂಡ ಕಟ್ಟುವುದು ಹೇಗೆ? ಅದಕ್ಕೇ ಅಲ್ಲಿ ಆರು ಜನರ ಫುಟ್ಬಾಲ್ ಆಡುತ್ತಾರೆ.

ಅಕ್ಟೋಬರ್ ಕೊನೆಯಲ್ಲಿ ಶಾಲೆಗಳು ತಮ್ಮ ಮಕ್ಕಳ ಲೆಕ್ಕ ಕೊಡುತ್ತವೆ. ಫೆಬ್ರವರಿ ಆರಂಭದಲ್ಲಿ ಹೊಸ ಪಟ್ಟಿ ಬರುತ್ತದೆ. ಆ ದಿನ ಕೋಚ್‌ಗಳ ಪಾಡು ಕೇಳಬೇಡಿ, ಪಿಯುಸಿ ರಿಸಲ್ಟ್ ಇದ್ದ ಹಾಗೆ! ದರ್ಜೆಯೊಳಗೆ ಹತ್ತಿರದ ಶಾಲೆಗಳನ್ನು ಸೇರಿಸಿ 'ಡಿಸ್ಟ್ರಿಕ್ಟ್' ಮಾಡುತ್ತಾರೆ. ಪ್ಲೇಆಫ್‌ಗೆ ಹೋಗುವ ದಾರಿ ಇದೇ. ಹಾಗಾಗಿ ಪಕ್ಕದಲ್ಲಿ ಯಾರು ಬಂದರು ಅನ್ನೋದೇ ದೊಡ್ಡ ವಿಷಯ.

ಡಲ್ಲಾಸ್ ಸುತ್ತಮುತ್ತ ಊರು ಬೆಳೆದಂತೆ ಹೊಸ ಶಾಲೆ ತೆರೆಯುತ್ತಾರೆ, ಹಳೆಯದರ ಮಕ್ಕಳು ಹಂಚಿಹೋಗುತ್ತಾರೆ. ಅಲ್ಲಿನ ಫ್ರಿಸ್ಕೋ ಊರಿನವರಂತೂ ಒಂದೇ ದೈತ್ಯ ಶಾಲೆ ಬೆಳೆಸುವ ಬದಲು ಹಲವು ಮಧ್ಯಮ ಗಾತ್ರದ ಹೈಸ್ಕೂಲ್ ಕಟ್ಟಿಕೊಂಡರು. ನನಗೆ ಅದೇ ಸರಿ ಅನ್ನಿಸುತ್ತದೆ, ಜಾಸ್ತಿ ಮಕ್ಕಳಿಗೆ ತಂಡದಲ್ಲಿ ಜಾಗ ಸಿಗುತ್ತದೆ ಅಲ್ವಾ?

ಪಶ್ಚಿಮ ಟೆಕ್ಸಾಸ್‌ನ ತಲೆನೋವೇ ಬೇರೆ. ಅಲ್ಲಿ ಶಾಲೆಗಳೇ ವಿರಳ. ಒಂದು ಪಂದ್ಯಕ್ಕೆ ನೂರಾರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ಹಂಚಿಕೆ ಒಪ್ಪಿಗೆಯಾಗದಿದ್ದರೆ ಶಾಲೆ ಮೇಲ್ಮನವಿ ಸಲ್ಲಿಸಬಹುದು.