ಜಾಸ್ತಿ ಭಾರ ಎತ್ತಿದಷ್ಟೂ ಸ್ನಾಯು ದಪ್ಪ ಆಗುತ್ತಾ?

ಅಷ್ಟು ನೇರ ಲೆಕ್ಕ ಇಲ್ಲ. ಸ್ನಾಯುವನ್ನು ಬೆಳೆಸುವುದು ಅದರ ಎಳೆಗಳ ಮೇಲೆ ಬೀಳುವ ಬಿಗಿತ. 20 ಕಿಲೋವನ್ನು 8 ಸಲ ಎತ್ತಿದರೂ, 10 ಕಿಲೋವನ್ನು 25 ಸಲ ಎತ್ತಿದರೂ, 'ಇನ್ನು ಒಂದೆರಡು ಸಲ ಅಷ್ಟೇ' ಅನ್ನಿಸುವವರೆಗೆ ಹೋದರೆ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. ಕೈ ನಡುಗುವ ಆ ಕೊನೆಯ ಹೊತ್ತಿನಲ್ಲಿ ದೊಡ್ಡ ಎಳೆಗಳೂ ಕೆಲಸಕ್ಕೆ ಇಳಿಯುತ್ತವೆ.

ಮಲ್ಪೆ ಬಂದರಿನಲ್ಲಿ ಐಸ್ ನೀರು ಸೋರುವ ಮೀನಿನ ಬುಟ್ಟಿ ಹೊರುವವರನ್ನು ನೋಡಿದ್ದೀರಲ್ವಾ? ದಿನವೂ ಭಾರವೇ, ಆದರೆ ಬುಟ್ಟಿ ಅದೇ. ದೇಹ ಒಗ್ಗಿದ ಮೇಲೆ ಸ್ನಾಯು ಇನ್ನೂ ದಪ್ಪವಾಗಲು ಕಾರಣ ಉಳಿಯುವುದಿಲ್ಲ. ಹಾಗಾಗಿ ಸುಲಭ ಅನ್ನಿಸಿದಾಗ ಸ್ವಲ್ಪ ಸ್ವಲ್ಪವೇ ಭಾರ ಏರಿಸಿ.

ಮೊದಲ ಕೆಲವು ವಾರ ಶಕ್ತಿ ಏರಿದರೂ ತೋಳು ಹಾಗೇ ಇದ್ದರೆ ಬೇಸರ ಬೇಡ. ಆಗ ಮುಖ್ಯವಾಗಿ ಕಲಿಯುತ್ತಿರುವುದು ನರಗಳು.