ಕರಡು ನೋಡಿಕೊಡುವುದಕ್ಕಷ್ಟೇ ವಕೀಲರು ಸಿಗುವರೇ?

ಪ್ರಶ್ನೆ: ನಾನೂ ನನ್ನ ಪತಿಯೂ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆಯಲು ತೀರ್ಮಾನಿಸಿದ್ದೇವೆ. ಎಂಟು ವರ್ಷದ ಮಗಳು ನನ್ನ ಬಳಿಯೇ ಇರುತ್ತಾಳೆ. ಒಪ್ಪಂದದ ಕರಡನ್ನು ಪತಿಯ ವಕೀಲರು ಸಿದ್ಧಪಡಿಸಿದ್ದಾರೆ. ಇಡೀ ಪ್ರಕರಣವನ್ನು ಇನ್ನೊಬ್ಬ ವಕೀಲರಿಗೆ ಒಪ್ಪಿಸುವಷ್ಟು ಅನುಕೂಲ ನನಗಿಲ್ಲ. ಕರಡನ್ನು ಓದಿ ಸಲಹೆ ನೀಡುವುದಕ್ಕೆ ಮಾತ್ರ ವಕೀಲರನ್ನು ಗೊತ್ತುಮಾಡಿಕೊಳ್ಳಬಹುದೇ? ಇದರಲ್ಲಿ ಅಪಾಯವೇನಾದರೂ ಇದೆಯೇ?
– ಓದುಗರೊಬ್ಬರು

ಉತ್ತರ: ಗೊತ್ತುಮಾಡಿಕೊಳ್ಳಬಹುದು, ಮತ್ತು ಸಹಿ ಹಾಕುವ ಮೊದಲೇ ಆ ಕೆಲಸ ಆಗಬೇಕು. ವಕೀಲರೆಂದರೆ ವಕಾಲತ್ತಿಗೆ ಸಹಿ ಹಾಕಿ ಕೊನೆಯ ಆದೇಶದವರೆಗೂ ಅವರನ್ನೇ ನೆಚ್ಚಿಕೊಂಡಿರಬೇಕೆಂಬ ಭಾವನೆ ಅನೇಕರಲ್ಲಿದೆ. ಆದರೆ ಸಲಹೆ, ಕರಡಿನ ಪರಿಶೀಲನೆ, ಅರ್ಜಿಯ ಬರವಣಿಗೆ ಇವನ್ನೆಲ್ಲ ಬಿಡಿಬಿಡಿಯಾಗಿಯೂ ಪಡೆಯಬಹುದು. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳು, ಮಿತಿ ಸಮಂಜಸವಾಗಿದ್ದು ಕಕ್ಷಿದಾರರು ಅದನ್ನು ತಿಳಿದು ಒಪ್ಪಿದ್ದರೆ, ಇಂತಹ ಸೀಮಿತ ನೇಮಕವನ್ನು ಸ್ಪಷ್ಟವಾಗಿ ಅನುಮತಿಸುತ್ತವೆ. ಭಾರತದಲ್ಲಂತೂ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನಂತೆ ವಕೀಲರ ಮೂಲಕ ವಾದಿಸುವುದು ಪಕ್ಷಕಾರರ ಹಕ್ಕಲ್ಲ. ನ್ಯಾಯಾಲಯದಲ್ಲಿ ತಾವೇ ನಿಲ್ಲಬೇಕಾಗಬಹುದಾದವರಿಗೆ ಹೊರಗಿನ ಸಲಹೆಯ ಬೆಲೆ ಹೆಚ್ಚು. ಬರೀ ಸಲಹೆಗೆ ವಕಾಲತ್ತು ಬೇಕಿಲ್ಲ. ಒಮ್ಮೆ ಸಲ್ಲಿಸಿದ ವಕಾಲತ್ತು ನ್ಯಾಯಾಲಯದ ಅನುಮತಿಯಿಲ್ಲದೆ ನಡುವೆ ರದ್ದಾಗುವುದಿಲ್ಲವೆಂಬುದನ್ನೂ ನೆನಪಿಡಿ.

ಅಪಾಯವಿರುವುದು ಮಿತಿಯಲ್ಲಲ್ಲ, ಮಿತಿಯನ್ನು ಬಾಯಿಮಾತಿಗೆ ಬಿಡುವುದರಲ್ಲಿ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ಮಾಜಿ ಪತಿಯೊಂದಿಗೆ ತಾನೇ ಮಾಡಿಕೊಂಡಿದ್ದ ಒಪ್ಪಂದವನ್ನು ನ್ಯಾಯಾಲಯ ಒಪ್ಪುವ ರೂಪಕ್ಕೆ ತರಲು ಮಹಿಳೆಯೊಬ್ಬರು ವಕೀಲರನ್ನು ನೇಮಿಸಿದ್ದರು. ಒಪ್ಪಂದವೇ ತನಗೆ ನಷ್ಟಕರವೆಂದು ಎಚ್ಚರಿಸಲಿಲ್ಲವೆಂಬ ಆಕೆಯ ದೂರು ನಿಲ್ಲಲಿಲ್ಲ. ವಹಿಸಿದ್ದ ಕೆಲಸ ರೂಪ ತಿದ್ದುವುದಷ್ಟೇ ಆಗಿತ್ತು. ಆದ್ದರಿಂದ "ಇದನ್ನೊಮ್ಮೆ ನೋಡಿಕೊಡಿ" ಎನ್ನಬೇಡಿ. "ಇದರಿಂದ ನನಗೂ ಮಗಳಿಗೂ ಆಗಬಹುದಾದ ನಷ್ಟವೇನು, ಬಿಟ್ಟುಹೋಗಿರುವುದೇನು?" ಎಂದು ಬರೆದು ಕೇಳಿ. ಅವರು ಮಾಡುವ ಕೆಲಸ, ಮಾಡದ ಕೆಲಸ, ಶುಲ್ಕ ಮೂರೂ ಒಂದೇ ಪತ್ರದಲ್ಲಿದ್ದು ಇಬ್ಬರ ಸಹಿಯೂ ಇರಲಿ.

ಇಂತಹ ಕರಡುಗಳಲ್ಲಿ "ರಜಾ ದಿನಗಳಲ್ಲಿ ಮಗು ತಂದೆಯೊಂದಿಗೆ ಇರತಕ್ಕದ್ದು" ಎಂಬಂಥ ವಾಕ್ಯ ಇದ್ದೇ ಇರುತ್ತದೆ. ಓದಲು ಸೊಗಸು. ಯಾವ ರಜೆ, ಎಷ್ಟು ಗಂಟೆಗೆ, ಕರೆದೊಯ್ಯುವವರು ಯಾರು, ತಂದು ಬಿಡುವವರು ಯಾರು ಎಂದು ಬರೆಯದಿದ್ದರೆ ಮೊದಲ ಬೇಸಿಗೆ ರಜೆಯಲ್ಲೇ ಜಗಳ ಹುಟ್ಟುತ್ತದೆ. "ಮುಂದೆ ಯಾವುದೇ ಜೀವನಾಂಶ ಕೇಳತಕ್ಕದ್ದಲ್ಲ" ಎಂಬ ಸಾಲಿದ್ದರೆ ಅದು ನಿಮಗೆ ಮಾತ್ರವೋ ಮಗಳ ಪೋಷಣೆಗೂ ಅನ್ವಯಿಸುವುದೋ ಎಂದು ಕೇಳಲೇಬೇಕು. ಅರ್ಧ ಗಂಟೆಯ ಸಲಹೆಗೆ ತೆತ್ತ ಹಣ ಇಲ್ಲಿಯೇ ಹುಟ್ಟುತ್ತದೆ.

ಪತಿಯ ವಕೀಲರು ಎಷ್ಟೇ ಸಜ್ಜನರಾಗಿರಲಿ, ಅವರು ನಿಮ್ಮ ಸಲಹೆಗಾರರಾಗಲಾರರು. ಹಿಂಸೆ, ಬೆದರಿಕೆ, ಮುಚ್ಚಿಟ್ಟ ಆಸ್ತಿ ಅಥವಾ ಮಗುವಿನ ವಶಕ್ಕಾಗಿ ಹಟ ಇದ್ದಲ್ಲಿ ಬಿಡಿ ನೆರವು ಸಾಲದು. ಆಗ ಪೂರ್ಣ ವಕಾಲತ್ತೇ ಸರಿ. ಭಾರತದಲ್ಲಿದ್ದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು ಉಚಿತ ಕಾನೂನು ಸೇವೆಗೆ ಅರ್ಹರು, ಆದಾಯದ ಮಿತಿಯೂ ಇಲ್ಲ. ಸಹಿಗೆ ಒತ್ತಾಯ ಬಂದರೆ ಕರಡಿನ ಪ್ರತಿಯನ್ನು ಪಡೆದುಕೊಂಡು, ಓದಿ ಹೇಳುತ್ತೇನೆಂದು ಕೆಲ ದಿನಗಳ ಕಾಲಾವಕಾಶ ಕೇಳಿ, ಅದರೊಂದಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.