ಆಟ ಆಡಿಸಲಿಕ್ಕೂ ದುಡ್ಡು ಕೊಡಬೇಕೇ?

ಪ್ರಶ್ನೆ: ಧಾರವಾಡ ಕಡೆಯವರು ನಾವು, ಈಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ ಮನೆ. ತಂಗಿ ಹುಟ್ಟಿದಾಗಿನಿಂದ ಆರು ವರ್ಷದ ಮಗ ಶಾಲೆಯಲ್ಲಿ ಮಕ್ಕಳನ್ನು ಕಚ್ಚುತ್ತಾನೆ. ಹಾಸಿಗೆ ಒದ್ದೆ ಮಾಡುವುದು ನಿಂತಿತ್ತು, ಮತ್ತೆ ಶುರುವಾಗಿದೆ. ಪ್ಲೇ ಥೆರಪಿಗೆ (ಆಟದ ಮೂಲಕ ಮಕ್ಕಳ ಮನಸ್ಸಿಗೆ ಕೊಡುವ ಚಿಕಿತ್ಸೆ) ಸೇರಿಸಿ ನಾಲ್ಕು ವಾರವಾಯಿತು, ಹಟ ಹೆಚ್ಚೇ ಆಗಿದೆ. ಒಳಗೆ ಏನಾಡಿದೆ ಎಂದರೆ ಬಾಯಿ ಬಿಡುವುದಿಲ್ಲ. ‘ಆಟ ಆಡಸಾಕ ರೊಕ್ಕ ಯಾಕ ಸುರೀತೀರಿ’ ಎನ್ನುತ್ತಾರೆ ಅತ್ತೆ. ಬಿಡಿಸಲೇ?

ಉತ್ತರ: ಈಗಲೇ ಬಿಡಿಸಬೇಡಿ. ನಾಲ್ಕು ಸಲದಲ್ಲಿ ಮಗು ಆ ಕೋಣೆಗೆ, ಆ ಮನುಷ್ಯರಿಗೆ ಹೊಂದಿಕೊಂಡರೆ ಅದೇ ದೊಡ್ಡದು. ಅದುಮಿಟ್ಟ ಸಿಟ್ಟಿಗೆ ದಾರಿ ಸಿಕ್ಕಾಗ ಹಟ ಸ್ವಲ್ಪ ದಿನ ಏರುವುದುಂಟು. ಹನ್ನೆರಡು ಸಲವಾದರೂ ಕಚ್ಚುವುದು ಇಳಿಯದಿದ್ದರೆ ಥೆರಪಿಸ್ಟ್ ಜೊತೆ ನೇರವಾಗಿ ಮಾತಾಡಿ.

ಹಾಸಿಗೆ ಒದ್ದೆಯನ್ನು ಮಾತ್ರ ಮನಸ್ಸಿನ ಲೆಕ್ಕಕ್ಕೆ ಹಾಕಿಬಿಡಬೇಡಿ. ಈ ವಾರವೇ ಮಕ್ಕಳ ಡಾಕ್ಟರಲ್ಲಿ ಮೂತ್ರದ ಸೋಂಕು, ಸಕ್ಕರೆ, ಮಲಬದ್ಧತೆ ನೋಡಿಸಿ.

ಅತ್ತೆಯವರಿಗೆ ಹೀಗೆ ಹೇಳಿ: ‘ನನ್ನ ಜಾಗ ಹೋಯಿತು’ ಎನ್ನಲು ಆರು ವರ್ಷದ ಬಾಯಲ್ಲಿ ಮಾತಿಲ್ಲ, ಕೈಯಲ್ಲಿ ಗೊಂಬೆಯಿದೆ. ಅವನು ಪಾಪು ಗೊಂಬೆಯನ್ನು ದಿಂಬಿನಡಿ ತುರುಕಿದರೆ ಥೆರಪಿಸ್ಟ್ ಗದರುವುದಿಲ್ಲ, ‘ಈ ಪಾಪು ಕಣ್ಣಿಗೆ ಬೀಳಬಾರದು ಅನ್ನಿಸ್ತಿದೆ ನಿನಗೆ’ ಎನ್ನುತ್ತಾರೆ. ತನ್ನ ಸಿಟ್ಟು ಒಬ್ಬರಿಗೆ ಅರ್ಥವಾಯಿತು ಎಂದು ಮಗುವಿಗೆ ಗೊತ್ತಾಗುವುದೇ ಇಲ್ಲಿ ಮದ್ದು. ಮುಂಬಯಿಗೆ ಮಕ್ಕಳ ಮನಸ್ಸಿನ ಚಿಕಿತ್ಸೆ ಹೊಸತೂ ಅಲ್ಲ. ಈಗ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನ್ನುವ ಸಂಸ್ಥೆ 1937ರಲ್ಲೇ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ತೆರೆದಿತ್ತು.

ಏನಾಡಿದೆ ಎಂದು ಅವನನ್ನು ಕೇಳುವುದು ನಿಲ್ಲಿಸಿ. ಮನೆಯಲ್ಲಿ ವಿಚಾರಣೆ ಇದೆ ಎಂದಾದರೆ ಒಳಗೂ ಅವನು ಎಚ್ಚರದಿಂದಲೇ ಆಡುತ್ತಾನೆ. ನೀವು ಮೂರು ನಾಲ್ಕು ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಕೂತು ಮಾತಾಡಿ. ಅವರದು ಮರಾಠಿ ಅಥವಾ ಹಿಂದಿಯಾದರೆ, ತಂಗಿಗೆ, ಉಚ್ಚೆಗೆ, ಭಯಕ್ಕೆ ಅವನು ಬಳಸುವ ಮನೆಮಾತನ್ನು ಬರೆದುಕೊಡಿ.

ಅಪ್ಪ ಅಮ್ಮಂದಿರಿಗೇ ಈ ಆಟದ ಚಿಕಿತ್ಸೆ ಕಲಿಸುವ ಪದ್ಧತಿಯನ್ನು ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದರು. ಥೆರಪಿಸ್ಟ್ ಒಪ್ಪಿದರೆ ನೀವೂ ಮಾಡಿ: ವಾರಕ್ಕೊಮ್ಮೆ, ಅದೇ ದಿನ, ಅರ್ಧ ಗಂಟೆ. ಜಾಗ ಕಡಿಮೆಯೇ? ಒಂದು ಚಾಪೆ ಹಾಸಿ, ಆಟ ಅದರ ಮೇಲೆ ಮಾತ್ರ. ಒಂದು ಡಬ್ಬದಲ್ಲಿ ಎರಡು ಮೂರು ಗೊಂಬೆ, ಹಾಲಿನ ಬಾಟಲಿ, ಡಾಕ್ಟರ್ ಸೆಟ್, ಹುಲಿ-ಮೊಸಳೆ, ಕಲಸಿದ ಗೋಧಿಹಿಟ್ಟು, ಕ್ರೇಯಾನ್, ಆಟದ ಪಾತ್ರೆ. ಆ ಹೊತ್ತು ಮಾತ್ರ ಡಬ್ಬ ಹೊರಗೆ ಬರಲಿ. ಮೊಬೈಲ್ ಬೇಡ. ಕೂಸು ಅತ್ತೆಯವರ ತೊಡೆಯ ಮೇಲಿರಲಿ. ಅವರಿಗೂ ಇದರಲ್ಲಿ ಪಾಲು ಸಿಕ್ಕಂತಾಗುತ್ತದೆ.

ಆಟ ಕೆಡುವುದು ಹೆಚ್ಚಾಗಿ ದೊಡ್ಡವರ ಬಾಯಿಂದ. ‘ಇದ್ಯಾವ ಬಣ್ಣ?’ ಎಂದು ಪಾಠ ಶುರು ಮಾಡುತ್ತೇವೆ, ‘ಶಹಬ್ಬಾಸ್’ ಎನ್ನುತ್ತೇವೆ, ಅವನು ನಮ್ಮನ್ನು ಮೆಚ್ಚಿಸಲು ಆಡತೊಡಗುತ್ತಾನೆ. ಕಂಡದ್ದನ್ನಷ್ಟೇ ಹೇಳಿ: ‘ಮೊಸಳಿ ಎಲ್ಲಾರನ್ನೂ ತಿಂತು.’ ಕೈ ಎತ್ತಿದರೆ ಮೂರೇ ಮಾತು, ತಣ್ಣಗೆ: ‘ನಿನಗ ಸಿಟ್ಟು ಬಂದದ. ನಾ ಹೊಡಸ್ಕೊಳ್ಳಾಕ ಇಲ್ಲ. ಆ ದಿಂಬಿಗೆ ಹೊಡಿ.’ ಕೇಳದಿದ್ದರೆ, ಮತ್ತೆ ಹೊಡೆದರೆ ಇವತ್ತಿನ ಆಟ ಮುಗಿಯುತ್ತದೆ ಎಂದು ಹೇಳಿ, ಹೇಳಿದಂತೆ ಮುಗಿಸಿ. ಅರ್ಧ ಗಂಟೆ ಮುಗಿಯಲು ಐದು ನಿಮಿಷ ಇರುವಾಗ ಸೂಚನೆ ಕೊಡಿ. ಶಾಲೆಯಲ್ಲಿ ಕಚ್ಚಿದ ಎಂದು ಶಿಕ್ಷೆಯಾಗಿ ವಾರದ ಆಟ ರದ್ದು ಮಾಡಲೇಬೇಡಿ. ಅವನಿಗೆ ಅದು ಹೆಚ್ಚು ಬೇಕಾಗಿರುವುದು ಆ ವಾರವೇ.

ಫೀಸು ಭಾರವಾದರೆ ಮುಂಬಯಿಯ ಸಾಯನ್, ಕೆಇಎಂ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಸದ್ಯಕ್ಕೆ ಕೂಸಿನ ಹತ್ತಿರ ಅವನೊಬ್ಬನನ್ನೇ ಬಿಟ್ಟು ಸ್ನಾನಕ್ಕೂ ಹೋಗಬೇಡಿ.